ಅತ್ತಿಗೆ ಎಂಬ ತಂತಿ

“ಅತ್ತಿಗೆ ಕೊಡಿ” ಎಂದು ಡಾಕ್ಟರು ಕೈ ಚಾಚಿದರು.

“ಏನು ಕೊಡ್ಬೇಕಪ್ಪಾ?” ಎಂದಿತು ಹಸಿರು ಬಟ್ಟೆಯ ಕೆಳಗಿನಿಂದ ಒಂದು ಧ್ವನಿ.

ಮೇಜಿನ ಮೇಲೆ ಮಲಗಿದ್ದ ಅಜ್ಜಿಯ ಧ್ವನಿ ಅದು. ಪೊರೆ ತೆಗೆಯುವ ಆಪರೇಷನ್ನಿಗೆ ಕಣ್ಣಿಗಷ್ಟೇ ಔಷಧಿ ಹಾಕಿ ಜೋಮು ಹಿಡಿಸುತ್ತೇವೆ. ಬಾಯಿ, ಕಿವಿ ಎಲ್ಲ ಎಚ್ಚರವಾಗಿಯೇ ಇರುತ್ತವೆ. ಡಾಕ್ಟರ ಭುಜ ನಗುವಿನಿಂದ ಕುಲುಕತೊಡಗಿತು. ಕಣ್ಣಿನ ಮುಂದೆ ಚಾಕು ಹಿಡಿಯುವವರು ಹಾಗೆಲ್ಲ ಕುಲುಕಬಾರದು. ನನಗೆ ಮೈಯೆಲ್ಲ ಉರಿದುಹೋಯಿತು.

“ಅಜ್ಜೀ, ನಿಮ್ಮನ್ನ ಯಾರೂ ಕರೀಲಿಲ್ಲ. ಅದು ಸಾಮಾನಿನ ಹೆಸರು. ಸುಮ್ನೆ ಮಲ್ಕೊಳ್ಳಿ” ಎಂದು ಗದರಿದೆ.

“ಸಾಮಾನಿಗೆ ಅತ್ತಿಗೆ ಅಂತೀರಾ? ಚೆನ್ನಾಗಿದೆ ಕಣಮ್ಮಾ ನಿಮ್ಮ ಆಸ್ಪತ್ರೆ” ಎಂದು ಅಜ್ಜಿ ಸುಮ್ಮನಾದರು.

ನಾನು ಈ ಕಣ್ಣಿನ ಆಸ್ಪತ್ರೆಯ ಸಲಕರಣೆ ಕೋಣೆಯ ಸಿಸ್ಟರ್. ಕತ್ತರಿ, ಚಿಮಟ, ಸೂಜಿಗಳನ್ನು ತೊಳೆದು, ಹಬೆಯಲ್ಲಿ ಬೇಯಿಸಿ, ಎಣಿಸಿ ಕೊಡುವುದು ನನ್ನ ಕೆಲಸ. ಅವತ್ತು ಥಿಯೇಟರಿನ ಹುಡುಗಿ ರಜೆ ಹಾಕಿದ್ದರಿಂದ ಅವಳ ಜಾಗದಲ್ಲಿ ನಿಂತಿದ್ದೆ. ಚಿಕ್ಕ ಡಾಕ್ಟರುಗಳು ನನ್ನ ಬೆನ್ನ ಹಿಂದೆ ‘ಕುಕ್ಕರಕ್ಕ’ ಅನ್ನುತ್ತಾರೆ. ಹಬೆಯ ಯಂತ್ರಕ್ಕಾಗಿ ಇಟ್ಟ ಹೆಸರು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ, ಸಿಟ್ಟು ಬಂದರೆ ಸೀಟಿ ಹಾಕುತ್ತೇನಂತೆ. ಹಾಕುತ್ತೇನೆ, ಏನೀಗ?

ಅತ್ತಿಗೆ ಎಂದರೆ ಕಣ್ಣಿನ ರೆಪ್ಪೆಗಳನ್ನು ತೆರೆದು ಹಿಡಿಯುವ ತಂತಿ. ತಲೆಗೂದಲಿನ ಪಿನ್ನನ್ನು ಅಗಲಿಸಿದ ಹಾಗೆ ಇರುತ್ತದೆ. ಎರಡು ಕಾಲು, ತುದಿಯಲ್ಲಿ ಎರಡು ಕೊಂಡಿ. ಒಂದು ಕೊಂಡಿ ಮೇಲಿನ ರೆಪ್ಪೆಗೆ, ಇನ್ನೊಂದು ಕೆಳಗಿನದಕ್ಕೆ. ಬೆರಳಲ್ಲಿ ಒತ್ತಿ ಒಳಗಿಟ್ಟು ಬಿಟ್ಟರೆ ತಾನಾಗಿ ಹಿಗ್ಗಿ ಕಣ್ಣು ತೆರೆದು ನಿಲ್ಲುತ್ತದೆ. ಪೇಟೆಯಲ್ಲಿ ಈಗ ಇಂಥವು ಬೇಕಾದಷ್ಟು ಸಿಗುತ್ತವೆ. ಆದರೆ ನಮ್ಮದಕ್ಕೆ ಒಂದು ವಿಚಿತ್ರವಿದೆ, ಒಂದು ಕಾಲು ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಉದ್ದ. ಹಿಂದಿದ್ದ ಪ್ರೊಫೆಸರೊಬ್ಬರು ಅದರ ಬಗ್ಗೆಯೇ ಒಂದು ಗಂಟೆ ಪಾಠ ಮಾಡಿದ್ದರು. ಮೇಲಿನ ರೆಪ್ಪೆ ಭಾರ, ಕೆಳಗಿನದು ಹಗುರ, ಆ ಭಾರಕ್ಕೆ ತಕ್ಕ ಲೆಕ್ಕಾಚಾರವಿದು, ಮಾಡಿದವನ ತಲೆಯೇ ತಲೆ ಎಂದು ಬೋರ್ಡಿನ ತುಂಬ ಚಿತ್ರ ಬರೆದಿದ್ದರು.

ಇಷ್ಟು ದಿನ ಆ ಹೆಸರು ಯಾಕೆ ಬಂತು ಅಂತ ನಾನು ಕೇಳಿದವಳಲ್ಲ. ಈಗ ಕೇಳಲೇಬೇಕಾಗಿತ್ತು. ಆಸ್ಪತ್ರೆಗೆ ಅರವತ್ತು ತುಂಬುತ್ತದೆಂದು ಮೇಲಿನವರು ಕಾಯುವ ಹಜಾರದಲ್ಲಿ ಒಂದು ಗಾಜಿನ ಬೀರು ಇಟ್ಟು, ಹಳೇ ಸಾಮಾನುಗಳನ್ನು ಜೋಡಿಸಿ, ಒಂದೊಂದಕ್ಕೂ ಕಾರ್ಡು ಬರೆಯಿರಿ ಎಂದು ನನ್ನ ತಲೆಗೆ ಕಟ್ಟಿದ್ದರು. ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು ಊಟದ ಹೊತ್ತಿನಲ್ಲಿ ಓದತೊಡಗಿದೆ. ಓದಿ ನನಗೆ ತಲೆ ತಿರುಗಿತು. ಎದೆಗೆ ಇಟ್ಟು ಕೇಳುವ ಕೊಳವೆ ಹುಟ್ಟಿದ್ದು ಒಬ್ಬ ಡಾಕ್ಟರಿಗೆ ಹೆಂಗಸಿನ ಎದೆಗೆ ಕಿವಿ ಇಡಲು ಸಂಕೋಚವಾಗಿ ಕಾಗದ ಸುರುಳಿ ಸುತ್ತಿದ್ದರಿಂದ. ಥಿಯೇಟರಿಗೆ ರಬ್ಬರ್ ಕೈಗವಸು ಬಂದದ್ದು ರೋಗಿಗಾಗಿ ಅಲ್ಲ, ಔಷಧದ ನೀರಿಗೆ ಕೈ ಸುಲಿದುಹೋದ ಒಬ್ಬ ನರ್ಸಿಗಾಗಿ. ಮಾಡಿಸಿಕೊಟ್ಟ ಡಾಕ್ಟರು ಆಮೇಲೆ ಅವಳನ್ನೇ ಮದುವೆಯಾದರು. ಇನ್ನೊಬ್ಬ ಪುಣ್ಯಾತ್ಮ ತೋಳಿನ ರಕ್ತನಾಳದಿಂದ ತನ್ನ ಹೃದಯದವರೆಗೆ ತಾನೇ ನಳಿಕೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಯವರೆಗೆ ನಡೆದುಕೊಂಡು ಹೋದ. ಹುಚ್ಚರಪ್ಪಾ ಇವರು, ಅಂದುಕೊಂಡೆ. ಆದರೆ ಪುಸ್ತಕ ಕೆಳಗಿಡಲು ಆಗಲಿಲ್ಲ.

ಪುಸ್ತಕದಲ್ಲಿ ಅತ್ತಿಗೆ ಮಾತ್ರ ಇರಲಿಲ್ಲ. ಹಿಡಿದರೆ ಬಿಡುವುದಿಲ್ಲ, ಅದಕ್ಕೇ ಆ ಹೆಸರು ಎಂದು ಒಬ್ಬ ಡಾಕ್ಟರು ಹೇಳಿದರು. ನಿಮ್ಮ ಮನೆಯ ಅತ್ತಿಗೆಯ ಕಥೆ ನನಗೆ ಬೇಡ ಎಂದೆ.

ಆಪರೇಷನ್ನಿನ ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಅಜ್ಜಿ ನನ್ನನ್ನು ಕರೆದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಇನ್ನೂ ಪೊರೆ. ಪಕ್ಕದಲ್ಲಿ ಮಗಳು ಚೀಲ ಹಿಡಿದು ಕೂತಿದ್ದಳು.

“ನಿನ್ನೆ ಬೈದವಳು ನೀನೇ ಅಲ್ವಾ? ಧ್ವನಿ ಗೊತ್ತಾಯ್ತು. ಆ ಅತ್ತಿಗೇನ ಒಂದ್ಸಲ ತೋರಿಸು.”

“ಕಣ್ಣೇ ಕಾಣಲ್ಲ, ಏನು ನೋಡ್ತೀರಿ?”

“ಕೈಲಿ ನೋಡ್ತೀನಿ, ಕೊಡು.”

ಹಟಮಾರಿ. ಬೀರುವಿಗೆಂದು ಎತ್ತಿಟ್ಟಿದ್ದ ಹಳೆಯದೊಂದನ್ನು ತಂದು ಅಂಗೈಯಲ್ಲಿಟ್ಟೆ. ಅಜ್ಜಿ ಹೆಬ್ಬೆರಳು ತೋರುಬೆರಳಿನ ನಡುವೆ ತಂತಿ ಹಿಡಿದು ಮೆಲ್ಲಗೆ ಸವರಿದರು. ಕೊಂಡಿಯ ಹತ್ತಿರ ಬೆರಳು ನಿಂತಿತು. ಇನ್ನೊಂದು ಕೊಂಡಿಗೆ ಹೋಗಿ ಮತ್ತೆ ಮೊದಲನೆಯದಕ್ಕೆ ಬಂದಿತು.

“ಇದು ನನ್ನದು” ಎಂದರು.

“ಆಸ್ಪತ್ರೆಯದು ಅಜ್ಜಿ.”

“ನಾನು ಮಾಡಿದ್ದು ಅಂತ ಹೇಳಿದೆ ಕಣೇ. ಒಂದು ಕಾಲು ಉದ್ದ ಇದೆ ನೋಡು.”

“ಅದು ರೆಪ್ಪೆಯ ಭಾರದ ಲೆಕ್ಕಾಚಾರ” ಎಂದು ನಾನು ಪ್ರೊಫೆಸರ ಪಾಠ ಒಪ್ಪಿಸಿದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಿಗೆ ಪಟ್ಟಿ ಇದೆ, ನಗಬೇಡಿ ಎಂದರೂ ನಕ್ಕರು.

“ಯಾವ ಭಾರಾನೂ ಇಲ್ಲ, ಮಣ್ಣೂ ಇಲ್ಲ. ನನ್ನ ಇಕ್ಕಳದ ಒಂದು ಮೂತಿ ಮುರಿದಿತ್ತು.”

ನನ್ನ ಕಿವಿ ನೆಟ್ಟಗಾಯಿತು. ಆದರೂ ನಂಬುವುದು ಹೇಗೆ? ವಾರ್ಡಿನಲ್ಲಿ ದಿನಕ್ಕೊಬ್ಬರು ಅದು ನಾನು ಮಾಡಿದ್ದು, ಇದು ನಾನು ಕಟ್ಟಿಸಿದ್ದು ಅನ್ನುತ್ತಾರೆ. “ಆ ಇಕ್ಕಳ ಇದೆಯಾ?” ಎಂದೆ. “ಅಂಗಡಿಯಲ್ಲಿ ಇದೆ” ಎಂದಳು ಮಗಳು. ಅವರದು ಕೊಡೆ ರಿಪೇರಿ ಅಂಗಡಿ. ಮೊದಲು ಅಜ್ಜಿಯ ಗಂಡ ನಡೆಸುತ್ತಿದ್ದರು, ಈಗ ಮಗಳು. ಮುಂದಿನ ವಾರ ಕಣ್ಣು ತೋರಿಸಲು ಬರುವಾಗ ತನ್ನಿ ಎಂದೆ.

ತಂದರು. ತಾಯಿ ಮಗಳಿಬ್ಬರನ್ನೂ ಕೂರಿಸಿ, ನನ್ನ ಕೋಣೆಯ ಬಾಗಿಲು ಹಾಕಿ, ಮೇಜಿನ ಮೇಲೆ ಸ್ಟೀಲ್ ತಂತಿ ಇಟ್ಟೆ. ಮೊದಲು ಆಸ್ಪತ್ರೆಯ ಒಳ್ಳೆಯ ಇಕ್ಕಳ ಕೊಟ್ಟೆ. ಅಜ್ಜಿ ಒಂದೇ ಕಣ್ಣಿನ ಹೊಸ ಬೆಳಕಿನಲ್ಲಿ ಸರಸರನೆ ಬಗ್ಗಿಸಿದರು. ಅಳತೆಪಟ್ಟಿ ಇಟ್ಟು ನೋಡಿದೆ, ಎರಡು ಕಾಲೂ ಸಮ. ಆಮೇಲೆ ಅವರ ಹಳೇ ಇಕ್ಕಳ. ಹಿಡಿಗೆ ಬಟ್ಟೆ ಸುತ್ತಿತ್ತು, ಒಂದು ಮೂತಿಯ ತುದಿ ಹಾರಿಹೋಗಿತ್ತು. ಮುರಿದ ಕಡೆ ಹಿಡಿದು ಬಗ್ಗಿಸುವಾಗ ತಂತಿ ಒಂದಿಷ್ಟು ಜಾರಿತು. ಅಳೆದೆ. ಒಂದು ಕಾಲು ಅಕ್ಕಿಕಾಳಿನಷ್ಟು ಉದ್ದ. ಇನ್ನೊಂದು ಮಾಡಿ ಎಂದೆ. ಅದೂ ಅಷ್ಟೇ ಉದ್ದ. ಬೀರುವಿನ ಹಳೆಯದನ್ನು ಮೇಲಿಟ್ಟರೆ ಅಚ್ಚಿನಲ್ಲಿ ತೆಗೆದ ಹಾಗೆ ಕೂತಿತು.

“ಅಯ್ಯೋ ದೇವರೇ, ಮುರುಕು ಇಕ್ಕಳಕ್ಕೆ ಒಂದು ಗಂಟೆ ಪಾಠ ಕೇಳಿದ್ನಲ್ಲಾ!” ಎಂದೆ. ಆಮೇಲೆ ಮಾಡಿಸಿದ ಅಷ್ಟೂ ತಂತಿಗಳಲ್ಲಿ ಆ ಉದ್ದ ಕಾಲನ್ನು ಒಂದಿಷ್ಟೂ ಬಿಡದೆ ನಕಲು ಮಾಡಿಸಿದ್ದೇವೆ ನಾವು.

ನನಗೆ ಕುತೂಹಲ ತಡೆಯಲಾಗಲಿಲ್ಲ. ಹೇಗೆ ಮಾಡಿದಿರಿ, ಯಾಕೆ ಮಾಡಿದಿರಿ, ಎಲ್ಲ ಹೇಳಿ ಎಂದು ಕುರ್ಚಿ ಎಳೆದುಕೊಂಡೆ.

“ನನ್ನ ಮೈದುನ ಇಲ್ಲೇ ಕೆಲಸಕ್ಕಿದ್ದ, ಕತ್ತರಿ ಚಾಕು ಸಾಣೆ ಹಿಡಿಯೋನು” ಎಂದು ಅಜ್ಜಿ ಶುರುಮಾಡಿದರು. “ಒಂದಿನ ರಿಪೇರಿಗೆ ಅಂತ ಒಂದು ಸಾಮಾನು ಅಂಗಡಿಗೆ ತಂದ. ಕಬ್ಬಿಣದ್ದು, ತಿರುಪು ಬೇರೆ. ಇದೇನೋ ಅಂದೆ. ‘ಮಕ್ಕಳ ರೆಪ್ಪೆ ತೆರೆಯೋದು, ಅತ್ತಿಗೆ’ ಅಂದ. ಅಷ್ಟು ದಪ್ಪದ್ದನ್ನ ಮಗುವಿನ ಕಣ್ಣಿಗೆ ಹಾಕ್ತೀರೇನೋ ಕಟುಕರಾ ಅಂತ ಬೈದೆ. ರಾತ್ರಿ ಊಟ ಸೇರಲಿಲ್ಲ. ಕೊಡೆ ಬಿಚ್ಚಿದಾಗ ಕೋಲಿನಿಂದ ಪುಟಿದು ತಡೆಯುತ್ತಲ್ಲ ಚಿಕ್ಕ ತಂತಿ, ಅದು ಕೈಯಲ್ಲಿತ್ತು. ಅದನ್ನೇ ಬಗ್ಗಿಸಿದೆ.”

“ಸರಿ ಹೋಗಿದೆ ಅಂತ ಹೇಗೆ ಗೊತ್ತಾಯ್ತು?”

“ನನ್ನ ಕಣ್ಣಿಗೇ ಹಾಕ್ಕೊಂಡು ನೋಡಿದೆ. ಹದಿನೇಳು ಮಾಡಿದೆ. ಹದಿನಾರಕ್ಕೂ ಕಣ್ಣು ಕೆಂಪಾಯ್ತು. ಇವಳಪ್ಪ ಕನ್ನಡಿ ಕಿತ್ಕೊಂಡು ಅಟ್ಟದ ಮೇಲಿಟ್ರು, ಹುಚ್ಚು ಹಿಡಿದಿದೆ ನಿನಗೆ ಅಂತ.”

ದಪ್ಪ ಪುಸ್ತಕದ ಹೃದಯದ ನಳಿಕೆಯವನು ನೆನಪಾದ. ಅವನಿಗೆ ದೊಡ್ಡ ಬಹುಮಾನ ಬಂತೆಂದು ಪುಸ್ತಕದಲ್ಲಿತ್ತು. ಈಕೆಗೆ ಏನು ಬಂತು ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರೇ ಹೇಳಿದರು.

“ಐದು ವರ್ಷ ಆದ್ಮೇಲೆ ಯಾರೋ ನಿಮ್ಮ ಆಸ್ಪತ್ರೆಯ ಪುಸ್ತಿಕೆ ತಂದುಕೊಟ್ರು. ಅದರಲ್ಲಿ ನನ್ನ ತಂತಿಯ ಚಿತ್ರ ಇತ್ತು. ಕೆಳಗೆ ‘ದೊಡ್ಡ ಡಾಕ್ಟರ ತಂತಿ’ ಅಂತ ಬರೆದಿತ್ತು. ಅದೇ ತಿಂಗಳು ನನ್ನ ಮೈದುನನ ಕೆಲಸ ಕಾಯಂ ಆಯ್ತು. ಇನ್ನೇನು ಬೇಕು? ನಾನು ಮಾಡಿದ್ದನ್ನ ಡಾಕ್ಟರಿಗೆ ಒಪ್ಪಿಸಿ ಕೆಲಸ ಗಿಟ್ಟಿಸ್ಕೊಂಡ ಅಂದ್ಕೊಂಡೆ. ಅವತ್ತು ಬಿಟ್ಟ ಮಾತು, ಮೂವತ್ತೊಂದು ವರ್ಷ ಆಯ್ತು. ಇವಳಪ್ಪ ಸತ್ತಾಗ ಅವನು ಆ ಕಡೆ ನಿಂತಿದ್ದ, ನಾನು ಈ ಕಡೆ. ನನ್ನನ್ನ ಅತ್ತಿಗೆ ಅಂತ ಕರೆಯೋನು ಲೋಕದಲ್ಲಿ ಅವನೊಬ್ಬನೇ. ಅದಕ್ಕೇ ಮೊನ್ನೆ ಮೇಜಿನ ಮೇಲೆ ಎದೆ ಧಸಕ್ಕಂತು.”

“ಗಾಜಿನ ಬೀರುವಿನ ಕಾರ್ಡಿನಲ್ಲಿ ನೀವು ಮಾಡಿದ್ದು ಅಂತ ಬರೀತೀನಿ ಅಜ್ಜಿ” ಎಂದೆ.

“ನನಗೆ ಬೀರೂ ಬೇಡ, ಕಾರ್ಡೂ ಬೇಡ. ಆ ಹೆಸರು ಬರೆಸಿದ್ದು ಅವನೇನಾ, ಅದೊಂದು ಗೊತ್ತಾದ್ರೆ ಸಾಕು. ಸಾಯೋಕೆ ಮುಂಚೆ ಅವನ ಮುಖ ನೋಡಬಹುದಾ ಬೇಡವಾ ಅಂತ ತಿಳಿದಂಗಾಗುತ್ತೆ. ನೀನು ಹಳಬಳು, ಸ್ವಲ್ಪ ಹುಡುಕಿ ಹೇಳ್ತೀಯಾ?”

ಹೇಳ್ತೀನಿ ಎಂದೆ. ಉತ್ತರ ಆಗಲೇ ನನಗೆ ಅರ್ಧ ಗೊತ್ತಿತ್ತು. ಅವರನ್ನು ಕಳಿಸಿ ನೇರ ದಾಖಲೆ ಕೋಣೆಗೆ ಹೋದೆ. ಮೂವತ್ತೊಂದು ವರ್ಷದ ಹಿಂದಿನ ತಪಾಸಣೆಯ ಕಡತ ಧೂಳಿನಡಿ ಸಿಕ್ಕಿತು. ಸಲಕರಣೆಗಳ ಪಟ್ಟಿ, ಹನ್ನೆರಡನೇ ಸಾಲು: ದೊಡ್ಡ ಡಾಕ್ಟರ ತಂತಿ. ಗುಂಡುಗುಂಡಾದ ಚೆಂದದ ಅಕ್ಷರ. ನನ್ನ ಅಕ್ಷರ.

ನಾನು ಆಗ ಹೊಸಬಳು. ಅಕ್ಷರ ಚೆನ್ನಾಗಿದೆ ಅಂತ ಪಟ್ಟಿ ಬರೆಯಲು ಕೂರಿಸಿದ್ದರು. ಎಲ್ಲರೂ ಅದನ್ನು ಅತ್ತಿಗೆ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಬರೆಯಲು ಹೋದರೆ ಸಾಲು ಹೀಗೆ ಬಂತು: ‘ಅತ್ತಿಗೆ, ಒಟ್ಟು ಹನ್ನೆರಡು, ಸ್ಥಿತಿ ತೃಪ್ತಿಕರ.’ ತಪಾಸಣೆಗೆ ಬಂದವರು ಬಿದ್ದುಬಿದ್ದು ನಗುತ್ತಾರೆ ಎಂದು ನಾಚಿಕೆಯಾಗಿ ಕಾಗದ ಹರಿದೆ. ಆಗ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ದೊಡ್ಡ ಡಾಕ್ಟರು ದಿನಾ ಬಳಸುತ್ತಿದ್ದರು, ಅವರ ಹೆಸರು ಹಾಕಿದೆ. ಅವರನ್ನು ಕೇಳಲೂ ಇಲ್ಲ. ಆ ಪಟ್ಟಿಯನ್ನೇ ನೋಡಿ ಪುಸ್ತಿಕೆ ಅಚ್ಚು ಹಾಕಿಸಿದರು. ಇಷ್ಟು ವರ್ಷದಲ್ಲಿ ನನಗೆ ಅದು ಒಮ್ಮೆಯೂ ನೆನಪಾಗಿರಲಿಲ್ಲ.

ಮೈದುನ ಎಂದರೆ ಯಾರೆಂದು ನನಗೆ ಗೊತ್ತಿತ್ತು, ನಮ್ಮ ಸಾಣೆಯಣ್ಣ. ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಭಾನುವಾರ ವಿಳಾಸ ಹಿಡಿದು ಹೋದೆ. ಮೂರನೇ ಮಹಡಿಯ ಮನೆ, ಬಾಲ್ಕನಿಯಲ್ಲಿ ಸಾಣೆಚಕ್ರ, ಅಕ್ಕಪಕ್ಕದವರ ಕತ್ತರಿಗಳ ಸಾಲು. ನನ್ನ ಕಂಡು ಮುಖ ಅರಳಿತು.

“ಏನಮ್ಮಾ ಕುಕ್ಕರಕ್ಕ, ದಾರಿ ತಪ್ಪಿತಾ?”

ಆ ಹೆಸರು ಶುರುಮಾಡಿದ್ದು ಇವರೇ ಎಂದು ಅವತ್ತು ಗೊತ್ತಾಯಿತು. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಅತ್ತಿಗೆ ಅನ್ನೋ ಹೆಸರು ಹೇಗೆ ಬಂತಣ್ಣಾ ಎಂದು ಕೇಳಿದೆ.

“ಅಯ್ಯೋ, ಅದು ನನ್ನ ನಾಲಿಗೆಯ ತಪ್ಪು. ಅತ್ತಿಗೆ ಮಾಡಿಕೊಟ್ಟಿದ್ದನ್ನ ಮೊದಲನೇ ದಿನ ದೊಡ್ಡ ಡಾಕ್ಟರ ಮುಂದಿಟ್ಟೆ. ಏನಪ್ಪಾ ಇದು ಅಂದ್ರು. ನಡುಕ ಬಂದು ‘ನಮ್ಮತ್ತಿಗೆ ಸಾರ್’ ಅಂದ್ಬಿಟ್ಟೆ. ‘ಮಾಡಿದ್ದು’ ಅನ್ನೋದು ಬಾಯಿಂದ ಹೊರಡಲೇ ಇಲ್ಲ. ಅವರಿಗೆ ಅರ್ಥ ಆಯ್ತು, ನಕ್ಕರು. ಮರುದಿನ ಥಿಯೇಟರಲ್ಲಿ ‘ಅವರ ಅತ್ತಿಗೆ ಕೊಡಿ’ ಅಂತ ಕೈ ಚಾಚಿದ್ರು. ಈ ಆಸ್ಪತ್ರೆಯಲ್ಲಿ ಇದಕ್ಕೆ ಬೇರೆ ಹೆಸರು ಇರಬಾರದು ಅಂತ ಎಲ್ಲರಿಗೂ ಹೇಳಿದ್ರು. ಹೊಸಬರು ಬಂದಾಗೆಲ್ಲ ನಾನೇ ಕಲಿಸ್ತಿದ್ದೆ.”

“ಅತ್ತಿಗೆಗೆ ಇದು ಗೊತ್ತಾ?”

ಅವರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. “ಗೊತ್ತಾಗಿರಬೇಕು. ಅದಕ್ಕೇ ಮಾತು ಬಿಟ್ರು. ಮನೆ ಹೆಂಗಸನ್ನ ಹತ್ತು ಜನರ ಬಾಯಲ್ಲಿ ಸಾಮಾನು ಮಾಡಿಬಿಟ್ಟೆ ನಾನು. ಯಾರಿಗೆ ಕೋಪ ಬರಲ್ಲ ಹೇಳು? ಕ್ಷಮೆ ಕೇಳೋಣ ಅಂತ ಎರಡು ಸಲ ಅಂಗಡಿ ತನಕ ಹೋದೆ, ಒಳಗೆ ಹೋಗೋ ಧೈರ್ಯ ಬರಲಿಲ್ಲ.”

ಇಲ್ಲಿಯೂ ಒಬ್ಬರು ಸುಮ್ಮಸುಮ್ಮನೆ ತಪ್ಪು ಹೊತ್ತುಕೊಂಡು ಕೂತಿದ್ದರು. ಪುಸ್ತಿಕೆಯ ಕಥೆ, ಪಟ್ಟಿಯ ಕಥೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಬರೆದವಳು ನಾನೇ ಅಣ್ಣಾ ಎಂದೆ.

ಸಾಣೆಯಣ್ಣ ಕೆಳಗಿಟ್ಟ ಕತ್ತರಿಯನ್ನು ಮತ್ತೆ ಎತ್ತಿಕೊಂಡರು. “ನನಗೆ ಹೇಳಿ ಏನು ಪ್ರಯೋಜನ? ಅವರಿಗೆ ಹೇಳು” ಎಂದರು.

ಎರಡನೇ ಕಣ್ಣಿನ ಆಪರೇಷನ್ನಿಗೆ ಅಜ್ಜಿ ಬಂದು ಸೇರಿದ ದಿನ ಕಡತವನ್ನು ಎದೆಗವಚಿಕೊಂಡು ವಾರ್ಡಿಗೆ ಹೋದೆ. ಮೂರು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬರೆದವರು ಯಾರೋ ಸತ್ತುಹೋದರಂತೆ ಎಂದರೆ ಮುಗಿಯಿತು. ಹಾಗೆನ್ನಬೇಕೆಂದು ನಾಲಿಗೆ ತುದಿಗೂ ಬಂದಿತ್ತು. ಆದರೆ ಆ ಮನುಷ್ಯ ಅಂಗಡಿಯ ಹೊರಗೆ ಎರಡು ಸಲ ನಿಂತು ವಾಪಸು ಹೋದದ್ದು ಕಣ್ಣ ಮುಂದೆ ಬಂತು. ಹಾಸಿಗೆಯ ಅಂಚಿನಲ್ಲಿ ಕೂತು ಎಲ್ಲ ಹೇಳಿಬಿಟ್ಟೆ.

“ನೀನಾ?” ಎಂದರು ಅಜ್ಜಿ.

“ನಾನೇ. ನಿಮ್ಮ ಮೈದುನನಿಗೆ ಇದು ಗೊತ್ತೇ ಇರಲಿಲ್ಲ. ಅವರು ನಿವೃತ್ತರಾಗೋ ದಿನದವರೆಗೂ ಅತ್ತಿಗೆ ಅಂತಲೇ ಕರೀತಿದ್ರು. ಎಲ್ಲರ ಬಾಯಲ್ಲೂ ಕರೆಸ್ತಿದ್ರು.”

“ಅತ್ತಿಗೆ ಅಂತ ಬರೆಯೋಕೆ ನಿನಗೇನೇ ಕಷ್ಟ ಆಗಿತ್ತು?”

“ನಾಚಿಕೆ ಆಯ್ತು.”

“ನಿನ್ನ ಮನೆ ಹಾಳಾಗ!” ಎಂದರು. ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. “ನಿನ್ನ ಒಂದು ಸಾಲಿಗೆ ನನ್ನ ಮೂವತ್ತೊಂದು ವರ್ಷ ಹೋಯ್ತಲ್ಲೇ. ಎದ್ದು ಹೋಗು ಇಲ್ಲಿಂದ.”

ಎದ್ದು ಬಂದೆ. ಜನರಿಗೆ ಬೈದು ಅಭ್ಯಾಸವೇ ಹೊರತು ಬೈಸಿಕೊಂಡು ಅಭ್ಯಾಸವಿಲ್ಲ ನನಗೆ. ಕೋಣೆಗೆ ಬಂದು ಯಂತ್ರದ ಹಬೆ ಜೋರಾಗಿ ಬಿಟ್ಟುಕೊಂಡು ಅತ್ತೆ. ಅತ್ತು ಮುಗಿಸಿ ಕಾರ್ಡು ಬರೆದೆ: ‘ಅತ್ತಿಗೆ. ಮಾಡಿದವರು, ಕೊಡೆ ಅಂಗಡಿಯ ಅತ್ತಿಗೆ. ಹದಿನೇಳನೇ ಪ್ರಯತ್ನ. ಒಂದು ಕಾಲು ಉದ್ದವಿರುವುದು ಇಕ್ಕಳ ಮುರಿದಿದ್ದರಿಂದ.’ ಆಮೇಲೆ ಸಾಣೆಯಣ್ಣನಿಗೆ ಫೋನ್ ಮಾಡಿದೆ. ಅಜ್ಜಿಯನ್ನು ಕೇಳಲಿಲ್ಲ. ಹೇಗೂ ಬೈಸಿಕೊಂಡಾಗಿತ್ತು.

ಮರುದಿನ ಥಿಯೇಟರಿನಲ್ಲಿ ಡಾಕ್ಟರು ಅತ್ತಿಗೆ ಕೊಡಿ ಎಂದಾಗ ಬಟ್ಟೆಯ ಕೆಳಗಿನಿಂದ ಸದ್ದೇ ಬರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವ ಹೊತ್ತಿಗೆ ಸಾಣೆಯಣ್ಣ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ವಾರ್ಡಿನ ಸಿಸ್ಟರ್ ಪಟ್ಟಿ ತೆಗೆದು, ಹತ್ತಿಯಿಂದ ಕಣ್ಣು ಒರೆಸಿದಳು. ಅಜ್ಜಿ ಎರಡೂ ಕಣ್ಣು ಪಿಳಿಪಿಳಿ ಬಿಟ್ಟು ಕಿಟಕಿ ನೋಡಿದರು, ಮಗಳನ್ನು ನೋಡಿದರು, ನನ್ನನ್ನು ನೋಡಿ ಮುಖ ತಿರುಗಿಸಿದರು. ತಿರುಗಿಸಿದ ಕಡೆ ಬಾಗಿಲಿತ್ತು.

ಸುಮಾರು ಹೊತ್ತು ನೋಡಿದರು.

“ಯಾರದು ಮುದುಕ?” ಎಂದರು.

“ನಾನು, ಅತ್ತಿಗೆ” ಎಂದರು ಸಾಣೆಯಣ್ಣ. ಬಾಗಿಲು ದಾಟಲಿಲ್ಲ.

“ಕೇಳಿಸ್ಲಿಲ್ಲ.”

ಆಕೆಯ ಕಿವಿಗೆ ಏನೂ ಆಗಿಲ್ಲವೆಂದು ಇಡೀ ವಾರ್ಡಿಗೆ ಗೊತ್ತಿತ್ತು. ಸಾಣೆಯಣ್ಣ ನಾಲ್ಕು ಹೆಜ್ಜೆ ಒಳಗೆ ಬಂದು ಹಾಸಿಗೆಯ ಕಂಬಿ ಹಿಡಿದುಕೊಂಡರು. “ಅತ್ತಿಗೇ” ಎಂದರು ಜೋರಾಗಿ.

ಅಜ್ಜಿಯ ಎರಡು ಕಣ್ಣಲ್ಲೂ ನೀರು ತುಂಬಿತು. ಆಪರೇಷನ್ನಾದ ಕಣ್ಣು, ಅಳಬೇಡಿ ಎಂದು ನಾನು ಗದರಬೇಕಿತ್ತು, ಅದರ ಬದಲು ಹತ್ತಿ ತೆಗೆದುಕೊಟ್ಟೆ.

“ಇನ್ನೊಂದ್ಸಲ ಕರಿಯೋ” ಎಂದರು.

ಅವರು ಮತ್ತೆ ಕರೆದರು.